ಸಕ್ಕರೆ ಕರಗುವಷ್ಟು ಹೊತ್ತು

ಆ ಬೀದಿಯಲ್ಲಿ ಅವಳಿಗೊಂದು ಹೆಸರಿತ್ತು ಅನ್ನುವುದೇ ಎಲ್ಲರಿಗೂ ಮರೆತುಹೋಗಿತ್ತು. ಸಕ್ಕರೆ ಅಕ್ಕ ಅಂದರೆ ಸಾಕು, ಅಂಚೆಯವನೂ ನೆಟ್ಟಗೆ ಬಂದು ಆ ಮದ್ಯದಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಹೆಸರು ಕೇಳಿ, ಬಾಯಿ ಬಿಟ್ಟರೆ ಸವಿ ಸುರಿಸುವ ಹೆಂಗಸು ಅಂದುಕೊಂಡು ಬಂದವರು ಮಾತ್ರ ಪೆಚ್ಚು ಮೋರೆ ಹಾಕಿಕೊಂಡು ಕೂರಬೇಕಾಗುತ್ತಿತ್ತು. ಅವಳ ನಾಲಗೆಗೂ ಸಕ್ಕರೆಗೂ ಆಗಿಬರುತ್ತಿರಲಿಲ್ಲ. ಆ ಹೆಸರು ಸ್ವಭಾವಕ್ಕೆ ಬಂದದ್ದಲ್ಲ, ಕೆಲಸಕ್ಕೆ ಬಂದದ್ದು. ಕೆಲಸ ಏನು ಅಂತ ಹೇಳಿದರೆ ನಗಬಾರದು: ಸಕ್ಕರೆ ಆರಿಸುವುದು.

ಅಂಗಡಿಯಲ್ಲಿ ಬಿಯರು, ಬ್ರಾಂದಿ ಎಲ್ಲವೂ ಇದ್ದವು. ಆದರೆ ಜನ ಮುಗಿಬೀಳುತ್ತಿದ್ದದ್ದು ಆಬ್ಸಿಂತ್ ಎಂಬ ಹಸಿರು ಮದ್ಯಕ್ಕೆ. ಮಾಚಿಪತ್ರೆಯ ಜಾತಿಯ ಒಂದು ಕಹಿ ಗಿಡ, ಸೋಂಪು, ಇನ್ನೂ ಏನೇನೋ ಸೊಪ್ಪು ಹಾಕಿ ಇಳಿಸಿದ್ದು. ಹಾಗೇ ಬಾಯಿಗೆ ಸುರಿದುಕೊಂಡರೆ ಗಂಟಲು ಉರಿದು ಕಣ್ಣಲ್ಲಿ ನೀರು ಬರುತ್ತದೆ. ಅದಕ್ಕೇ ಅದನ್ನು ಕುಡಿಯಲು ಒಂದು ಕ್ರಮ ಇದೆ. ಲೋಟದ ತಳದಲ್ಲಿ ಸ್ವಲ್ಪ ಮದ್ಯ, ಲೋಟದ ಬಾಯಿಗೆ ಅಡ್ಡಲಾಗಿ ತೂತುಗಳಿರುವ ಚಪ್ಪಟೆ ಚಮಚ, ಚಮಚದ ಮೇಲೆ ಒಂದು ಸಕ್ಕರೆ ತುಂಡು. ಪುಟ್ಟ ನಲ್ಲಿಯಿರುವ ಗಾಜಿನ ಹೂಜಿಯಿಂದ ಅದರ ಮೇಲೆ ತಣ್ಣೀರು ಹನಿ ಹನಿಯಾಗಿ ಬೀಳಬೇಕು. ಸಕ್ಕರೆ ಕರಗಿ ಕೆಳಗೆ ತೊಟ್ಟಿಕ್ಕುತ್ತ ಹೋದ ಹಾಗೆ ಹಸಿರು ಮಬ್ಬಾಗುತ್ತ, ಕೊನೆಗೆ ಹಾಲು ಬೆರೆಸಿದ ಬಣ್ಣಕ್ಕೆ ಬರುತ್ತದೆ. ಚಮಚ ಖಾಲಿಯಾಗುವ ತನಕ ಲೋಟ ಮುಟ್ಟುವ ಹಾಗಿಲ್ಲ. ಒಂದು ಲೋಟ ಮುಗಿಯುವ ತನಕ ಇನ್ನೊಂದು ಕೇಳುವ ಹಾಗಿಲ್ಲ. ಇದು ಹಳೆಯ ಯಜಮಾನತಿ ಮಾಡಿಟ್ಟುಹೋದ ಕಟ್ಟಳೆ, ಮೀರಿದವನನ್ನು ಸಕ್ಕರೆ ಅಕ್ಕ ಬಾಗಿಲಿನ ದಾರಿ ತೋರಿಸಿ ಕಳಿಸುತ್ತಿದ್ದಳು.

ಸಕ್ಕರೆಯಲ್ಲಿ ಆರಿಸುವುದಕ್ಕೆ ಏನಿದೆ ಅನ್ನುವವರು ಅವಳ ಬೆನ್ನ ಹಿಂದಿನ ಡಬ್ಬಗಳನ್ನು ನೋಡಬೇಕಿತ್ತು. ಒಂದರಲ್ಲಿ ಯಂತ್ರದಲ್ಲಿ ಒತ್ತಿದ ಬಿಳಿ ಚೌಕಗಳು. ನೋಡಲು ಲಕ್ಷಣ, ಆದರೆ ನಾಲ್ಕು ಹನಿ ಬಿದ್ದರೆ ಸೊಂಟ ಮುರಿದುಕೊಂಡು ಕೂರುವ ಜಾತಿ. ಇನ್ನೊಂದರಲ್ಲಿ ಕಂದು ಸಕ್ಕರೆಯ ಒರಟು ತುಂಡುಗಳು, ಒಂದೊಂದಕ್ಕೂ ಒಂದೊಂದು ಹಟ. ಮತ್ತೊಂದರಲ್ಲಿ ಅವಳೇ ಹಿತ್ತಾಳೆಯ ಅಚ್ಚಿಗೆ ಒದ್ದೆ ಸಕ್ಕರೆ ತುಂಬಿ, ಹೆಬ್ಬೆರಳಿನಿಂದ ಒತ್ತಿ, ಒಲೆಯ ಪಕ್ಕದ ಹಲಗೆಯ ಮೇಲೆ ಒಣಗಿಸಿದ ತುಂಡುಗಳು. ಎತ್ತಿಕೊಂಡದ್ದನ್ನು ಲೋಟದ ಅಂಚಿಗೆ ತಟ್ಟಿ ನೋಡುತ್ತಿದ್ದಳು. ಟಣ್ ಅಂದರೆ ಗಟ್ಟಿ, ಟಪ್ ಅಂದರೆ ಒಳಗಿನ್ನೂ ತೇವ. ಬಸ್ಸಿಗೆ ಹೊತ್ತಾದವನಿಗೆ ಬಿಳಿಯದು. ಹೆಂಡತಿಯ ಜೊತೆ ಜಗಳ ಆಡಿಕೊಂಡು ಬಂದವನಿಗೆ ಕಂದು ಬಣ್ಣದ್ದು, ಅದು ಕರಗುವಷ್ಟರಲ್ಲಿ ಅವನ ಸಿಟ್ಟೂ ಅರ್ಧಕ್ಕೆ ಇಳಿದಿರುತ್ತಿತ್ತು. ಎಲ್ಲೋ ನೋಡಿಕೊಂಡು ಬಂದು, ಸಕ್ಕರೆಗೆ ಬೆಂಕಿ ಹಚ್ಚಿ ಕೊಡಿ ಅಂತ ಕೇಳುವ ಪಡ್ಡೆಗಳೂ ಇದ್ದರು. “ಹಚ್ಚೋ ಹಾಗಿದ್ರೆ ನಿಮ್ಮ ಮನೆಗೆ ಹಚ್ಕೊಳ್ರಪ್ಪ, ನನ್ನ ಸಕ್ಕರೆ ಏನು ಪಾಪ ಮಾಡಿತ್ತು” ಅನ್ನುತ್ತಿದ್ದಳು.

ಈ ವಿದ್ಯೆ ಅವಳಿಗೆ ಬಂದದ್ದು ಹೊಟ್ಟೆಪಾಡಿಗೆ. ತಾಯಿ ತೀರಿಕೊಂಡಾಗ ಅವಳು ಇನ್ನೂ ಎರಡು ಜಡೆ ಹಾಕುವ ಹುಡುಗಿ, ತಮ್ಮನಿಗೆ ಹಾಲುಹಲ್ಲು ಉದುರಿರಲಿಲ್ಲ. ಅಪ್ಪ ಅನ್ನಿಸಿಕೊಂಡವನು ಅದಕ್ಕೆ ಮುಂಚೆಯೇ ಯಾವುದೋ ಹಡಗು ಹತ್ತಿ ಹೋದವನು, ಸತ್ತನೋ ಇದ್ದಾನೋ ಅಂತ ಹೇಳಿ ಕಳಿಸುವಷ್ಟು ಮರ್ಯಾದೆಯೂ ಅವನಿಗಿರಲಿಲ್ಲ. ತಮ್ಮನ ಕೈ ಹಿಡಿದುಕೊಂಡೇ ಬಂದು ಆ ಅಂಗಡಿಯಲ್ಲಿ ಲೋಟ ತೊಳೆಯಲು ನಿಂತಳು. ಹಳೆಯ ಯಜಮಾನತಿ ಗಡಸು ಮುದುಕಿ. ಹುಡುಗನನ್ನು ನೋಡಿ ಮೂಗು ಮುರಿದರೂ, ಹಿಂದಿನ ಕೋಣೆಯಲ್ಲಿ ಸಕ್ಕರೆ ಮೂಟೆಗಳ ಮೇಲೆ ಮಲಗಿಸಲು ಬಿಟ್ಟಳು. ಸಕ್ಕರೆ ತಟ್ಟಿ ನೋಡುವುದು, ಅಚ್ಚು ಒತ್ತುವುದು ಎಲ್ಲವನ್ನೂ ಬೈದು ಬೈದೇ ಕಲಿಸಿದಳು. ಬೈಗುಳವೂ ಅವಳಿಂದಲೇ ಬಳುವಳಿಯಾಗಿ ಬಂದಿರಬೇಕು.

ಮದುವೆಗೆ ಕೇಳಿಕೊಂಡು ಬಂದವರು ಇಲ್ಲದೆ ಇರಲಿಲ್ಲ. “ತಮ್ಮನೂ ಜೊತೆಗೇ ಬರ್ತಾನೆ” ಅನ್ನುತ್ತಿದ್ದಳು. ಅಲ್ಲಿಗೆ ಬಂದವರು ಟೋಪಿ ಎತ್ತಿಕೊಂಡು ಹೊರಡುತ್ತಿದ್ದರು. ನೋಡನೋಡುತ್ತ ತಮ್ಮನಿಗೇ ಮದುವೆಯ ವಯಸ್ಸಾಗಿ, ಮದುವೆಯೂ ಆಯಿತು. ಅವಳ ವಯಸ್ಸು ಯಾರಿಗೂ ಹೇಳದೆ ಕೇಳದೆ ದಾಟಿಹೋಯಿತು. ಅದಕ್ಕಾಗಿ ಅವಳು ಅತ್ತದ್ದನ್ನು ಯಾರೂ ನೋಡಿಲ್ಲ.

ತಮ್ಮ ಕೈಚಳಕದವನು. ಪಕ್ಕದ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಸಡಿಲಾದ ಕಡ್ಡಿಗೆ ಸಾಸಿವೆ ಕಾಳಿಗಿಂತ ಸಣ್ಣ ತಿರುಪು ಬಿಗಿಯುವುದು, ಇದೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಅಂಗಡಿ ತೆರೆದ ದಿನ ಸಂಜೆ ಅಕ್ಕ ಅವನನ್ನು ಕರೆದು ಕೂರಿಸಿ, ತಾನು ಒತ್ತಿದ ತುಂಡುಗಳಲ್ಲೇ ಚೆನ್ನಾದದ್ದನ್ನು ಹುಡುಕಿ, ಅವನ ಮೊದಲ ಲೋಟ ತಾನೇ ಮಾಡಿಕೊಟ್ಟಳು. ಹೆಮ್ಮೆಗೆ ಕೊಟ್ಟದ್ದು. ಸಾಕಿದವನು ದೊಡ್ಡವನಾದ ಅಂತ ಕೊಟ್ಟದ್ದು. ಈಗ ಅದನ್ನು ಯಾರ ತಲೆಗೆ ಕಟ್ಟೋಣ? ದಿನಕ್ಕೊಂದು ಲೋಟ ಕುಡಿದುಕೊಂಡೇ ಮುದುಕರಾದವರು ಆ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದರು. ಇವನಿಗೆ ಮಾತ್ರ ಒಂದು ಹೋಗಿ ಎರಡಾಯಿತು, ಎರಡು ಹೋಗಿ ಲೆಕ್ಕ ತಪ್ಪಿತು.

ಅದು ಮೊದಲು ಕಂಡದ್ದು ಕೈಯಲ್ಲಿ. ತಿರುಪು ತೂತಿಗೆ ಕೂರದೆ ಜಾರಿ ನೆಲಕ್ಕೆ ಬೀಳುತ್ತಿತ್ತು. ಅವನು ಮಂಡಿಯೂರಿ ಹುಡುಕುತ್ತಿದ್ದ. ಕನ್ನಡಕ ಕೊಟ್ಟವರು ಕಣ್ಣು ಕಾಣದೆ ಕುರ್ಚಿಯಲ್ಲಿ ಕಾಯುತ್ತಿದ್ದರು. ಆಮೇಲೆ ಆಮೇಲೆ ಅವರು ದೂರದ ಅಂಗಡಿಗೆ ನಡೆಯತೊಡಗಿದರು. ಸಂಜೆ ಅಕ್ಕನ ಅಂಗಡಿಗೆ ಬಂದು ಎರಡು ಲೋಟ ಇಳಿಸಿದ ಮೇಲೆ ಅದೇ ಕೈ ಕಂಬದ ಹಾಗೆ ನಿಲ್ಲುತ್ತಿತ್ತು. ಅದನ್ನು ನೋಡಿದಾಗಲೇ ಅವಳಿಗೆ ಅರ್ಥವಾದದ್ದು. ಕುಡಿದರೆ ನಡುಗುವ ಕೈಯನ್ನು ಅವಳು ಬಹಳ ನೋಡಿದ್ದಳು, ಕುಡಿದರಷ್ಟೇ ನಿಲ್ಲುವ ಕೈ ಎಲ್ಲಿಗೆ ಮುಟ್ಟಿಸುತ್ತದೆ ಅನ್ನುವುದನ್ನೂ ನೋಡಿದ್ದಳು.

ಬೈದಳು. ಗೋಗರೆದಳು. ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿಸಿಕೊಂಡಳು. ಅವನು ಪ್ರತಿಯೊಂದಕ್ಕೂ ಹೂಂ ಅಂದ. ಹೂಂ ಅನ್ನುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇನ್ನು ಮೇಲೆ ನಿನಗೆ ಕೊಡುವುದಿಲ್ಲ ಅನ್ನಲು ಅವಳಿಗೆ ಭಯ. ಇಲ್ಲಿ ಸಿಗದಿದ್ದರೆ ಬಸ್ ನಿಲ್ದಾಣದ ಹಿಂದಿನ ಅಂಗಡಿ ಇದ್ದೇ ಇದೆ. ಅಲ್ಲಿ ಚಮಚವೂ ಇಲ್ಲ, ಸಕ್ಕರೆಯೂ ಇಲ್ಲ, ನಿಂತ ನಿಲುವಿನಲ್ಲೇ ಗಂಟಲಿಗೆ ಸುರಿದುಕೊಂಡು ಹೋಗುವ ಜಾಗ. ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ. ಆಗ ಅವಳ ತಲೆಗೆ ಹೊಳೆದದ್ದು ಅವಳಿಗೆ ಗೊತ್ತಿದ್ದ ಒಂದೇ ಒಂದು ಉಪಾಯ.

ಅವನ ಚಮಚಕ್ಕೆ ಬಿಳಿ ಚೌಕ ಇಡುವುದು ನಿಂತಿತು, ಕಂದು ತುಂಡು ಬಂತು. ಕಂದು ತುಂಡುಗಳಲ್ಲೂ ಟಣ್ ಎನ್ನುವುದನ್ನೇ ಆರಿಸಿದಳು. ಅದೂ ಸಾಲದಾದಾಗ, ಅಚ್ಚಿಗೆ ತುಂಬಿದ ಸಕ್ಕರೆಯ ಮೇಲೆ ರುಬ್ಬುವ ಕಲ್ಲಿಟ್ಟು ಒತ್ತಿ, ಒಲೆಯ ಪಕ್ಕದಲ್ಲಿ ದಿನಗಟ್ಟಲೆ ಬಿಟ್ಟು, ಹಲ್ಲು ಮುರಿಯುವಂಥ ಗಟ್ಟಿ ಮಾಡಿದಳು. ಕೊನೆಗೆ ಕಲ್ಲುಸಕ್ಕರೆಗೇ ಬಂದಳು. ಅದರ ಮೇಲೆ ಹನಿ ಬಿದ್ದರೆ ಅದು ನುಣ್ಣಗಾಗುತ್ತದೆಯೇ ಹೊರತು ಕರಗುವ ಮಾತೇ ಇಲ್ಲ. ನಲ್ಲಿಯನ್ನು ಎಷ್ಟು ಸಣ್ಣ ಮಾಡುತ್ತಿದ್ದಳೆಂದರೆ ಎರಡು ಹನಿಯ ನಡುವೆ ಒಂದು ಆಕಳಿಕೆ ಮುಗಿಸಬಹುದಿತ್ತು. ಎದುರಿನ ಸ್ಟೂಲಿನ ಮೇಲೆ ತಾನೂ ಕೂರುತ್ತಿದ್ದಳು. ಮಾತು ತೆಗೆಯುತ್ತಿದ್ದಳು. ಅಮ್ಮ ಬಟ್ಟೆ ಹಿಂಡುವಾಗ ಹಾಡುತ್ತಿದ್ದದ್ದು, ಹಳೆಯ ಯಜಮಾನತಿ ಇವನ ಜೇಬು ಹುಡುಕಿ ಸಕ್ಕರೆ ಹಿಡಿದದ್ದು, ದಿನಾ ಮೂಲೆಯ ಮೇಜಿಗೇ ಬಂದು ಕೂರುವ ಗಿರಾಕಿಯ ವಿಗ್ಗು ಗಾಳಿಗೆ ಹಾರಿದ್ದು. ಅವನು ನಗುತ್ತಿದ್ದ. ಹಾಗೆ ಸಂಜೆಯಿಡೀ ಒಂದು ಲೋಟದಲ್ಲಿ ಕಳೆಯುತ್ತಿತ್ತು. ಅದು ಮುಗಿದ ಮೇಲೆ ಇನ್ನೊಂದು ಕೇಳದೆ ಎದ್ದು, “ಬರ್ತೀನಿ ಅಕ್ಕ” ಅಂದು ಹೋಗುತ್ತಿದ್ದ. ಗೆದ್ದೆ ಅಂದುಕೊಂಡಳು ಪಾಪ. ಲೋಟ ತೊಳೆಯುವಾಗ ತನ್ನಷ್ಟಕ್ಕೆ ಗುನುಗುವುದನ್ನು ಅಂಗಡಿಯ ಈಗಿನ ಯಜಮಾನ ಕೇಳಿ, ಇವಳಿಗೆ ಏನಾಯಿತು ಅಂತ ಇಣುಕಿ ನೋಡಿದ್ದೂ ಉಂಟು.

ಎಡವಿದ್ದು ಎಲ್ಲಿ ಅಂದರೆ ಇಲ್ಲಿ. ಕಲ್ಲುಸಕ್ಕರೆ ಕರಗುವುದಕ್ಕೆ ಕಾದರೆ ಅಷ್ಟು ಹೊತ್ತೂ ನೀರು ಬೀಳುತ್ತಲೇ ಇರುತ್ತದೆ. ಲೋಟ ತುಂಬುತ್ತದೆ, ಒಳಗಿದ್ದದ್ದು ನೀರು ನೀರಾಗುತ್ತದೆ, ಹೆಸರಿಗಷ್ಟೇ ಮದ್ಯ. ಬೇರೆ ಯಾವ ಗಿರಾಕಿಗೆ ಅದನ್ನು ಇಟ್ಟಿದ್ದರೂ ಲೋಟದಲ್ಲಿದ್ದದ್ದನ್ನು ಮುಖಕ್ಕೆ ಎರಚುತ್ತಿದ್ದ. ತಮ್ಮ ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ. ಯಾರ ನಾಲಗೆಗೆ ಏನು ಬೇಕು ಅಂತ ಮುಖ ನೋಡಿಯೇ ಹೇಳುತ್ತಿದ್ದ ಸಕ್ಕರೆ ಅಕ್ಕ, ಕುಡಿತದ ಚಟ ಹತ್ತಿದವನು ನೀರು ಕುಡಿದು ಸುಮ್ಮನೆ ಎದ್ದು ಹೋಗುತ್ತಿದ್ದಾನಲ್ಲ, ಯಾಕೆ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ಒಳ್ಳೆಯ ಹುಡುಗ, ಹೇಳಿದ ಮಾತು ಕೇಳುತ್ತಿದ್ದಾನೆ ಅಂದುಕೊಂಡಳು. ಬೇರೆಯವರ ವಿಷಯದಲ್ಲಾದರೆ ಇಂಥ ತಪ್ಪು ಅವಳಿಂದ ಆಗುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಬಂದಳು. ಬಾಗಿಲ ಹತ್ತಿರವೇ ನಿಂತಳು, ಒಳಗೆ ಬರಲಿಲ್ಲ. ಮೆತ್ತಗಿನ ಹುಡುಗಿ, ಆ ದಿನ ಮುಖ ಕಲ್ಲಾಗಿತ್ತು.

“ಅತ್ತಿಗೆ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ಬೇಜಾರು ಮಾಡ್ಕೋಬೇಡಿ. ದಿನಾ ಅಷ್ಟೊಂದು ಯಾಕೆ ಕೊಡ್ತೀರ ಅವರಿಗೆ?”

“ಅಷ್ಟೊಂದಾ? ಒಂದೇ ಲೋಟ ಕಣಮ್ಮ. ಅದರಲ್ಲೂ ಮುಕ್ಕಾಲು ನೀರು. ಎದುರಿಗೆ ಕೂತು ಕುಡಿಸಿ ಕಳಿಸ್ತೀನಿ.”

“ಒಂದು ಲೋಟಕ್ಕೆ ಮನುಷ್ಯ ಮೆಟ್ಟಿಲು ಹತ್ತೋಕೆ ಆಗದೆ ಕೆಳಗೇ ಮಲಗ್ತಾನಾ? ಕಣ್ಣು ಹಳದಿ ಆಗಿದೆ. ನೀವು ನೋಡಿಲ್ವಾ?”

ನೋಡಿದ್ದಳು. ದೀಪದ ಬೆಳಕಿಗೆ ಹಾಗೆ ಕಾಣುತ್ತದೆ ಅಂದುಕೊಂಡಿದ್ದಳು. ತಮ್ಮನ ಹೆಂಡತಿ ನಂಬಲೋ ಬೇಡವೋ ಅನ್ನುವ ಹಾಗೆ ನೋಡಿ ಹೊರಟುಹೋದಳು.

ಆ ಸಂಜೆ ಅವನು “ಬರ್ತೀನಿ ಅಕ್ಕ” ಅಂದು ಎದ್ದ ಮೇಲೆ ಇವಳು ಏಪ್ರನ್ ಬಿಚ್ಚಿ ಹಿಂದೆಯೇ ಹೊರಟಳು. ಅವನು ಮನೆಯ ಕಡೆಗೆ ತಿರುಗಲಿಲ್ಲ. ಬಸ್ ನಿಲ್ದಾಣ ದಾಟಿ, ಟೈರು ಅಂಗಡಿಯ ಪಕ್ಕದ ಸಂದಿಗೆ ನುಗ್ಗಿದ. ಆ ಅಂಗಡಿಗೆ ಬಾಗಿಲಿಲ್ಲ, ಬರೀ ಒಂದು ಕಟ್ಟೆ. ಇವನು ಬರುವುದನ್ನು ನೋಡಿಯೇ ಅಲ್ಲಿದ್ದವನು ಲೋಟ ಇಟ್ಟ, ಏನು ಬೇಕು ಅಂತ ಕೇಳಲೂ ಇಲ್ಲ. ತಮ್ಮ ಹಸಿರು ಮದ್ಯವನ್ನು ನೀರು ಸೋಕಿಸದೆ ಗಟಗಟ ಇಳಿಸಿದ. ಮತ್ತೊಂದು. ಮತ್ತೊಂದು. ಅವಳು ರಸ್ತೆಯ ಈಚೆ ಬದಿಯಲ್ಲಿ, ನಿಂತ ಬಸ್ಸಿನ ಮರೆಯಲ್ಲಿ ನಿಂತು ನೋಡಿದಳು. ಹೋಗಿ ಕೈ ಹಿಡಿದು ಎಳೆಯಬೇಕು ಅನ್ನಿಸಿತು, ಆದರೆ ಲೋಟಗಳನ್ನು ಎಣಿಸುತ್ತ ಅಲ್ಲೇ ಉಳಿದಳು.

ಅವನು ಈಚೆ ಬಂದಾಗ ಎದುರಿಗೇ ಸಿಕ್ಕಳು. ಅವನು ಬೆಚ್ಚಲೂ ಇಲ್ಲ.

“ಎಷ್ಟು ದಿನದಿಂದ ಇದು?”

“ಎಷ್ಟು ದಿನ ಅಂತ ಹೇಳ್ಲಿ. ನೀನು ಕಂದು ಸಕ್ಕರೆ ಹಾಕೋಕೆ ಶುರು ಮಾಡಿದಾಗಿಂದ.”

“ಮತ್ತೆ ನನ್ನ ಹತ್ರ ಯಾಕೆ ಬರ್ತಿದ್ದೆ? ಆ ಲೋಟ ಇಟ್ಕೊಂಡು ಯಾಕೆ ಕೂತಿರ್ತಿದ್ದೆ?”

“ಅದು ಕುಡಿಯೋದಾ ಅಕ್ಕ. ಅದು ಸಿಹಿನೀರು.” ಅವನು ರಸ್ತೆಬದಿಯ ಕಟ್ಟೆಯ ಅಂಚಿಗೆ ಕೂತ. “ಅದು ಕರಗೋ ತನಕ ನೀನು ಎದುರಿಗೆ ಕೂತಿರ್ತಿದ್ದೆ. ಬೈತಿದ್ದೆ, ಅಮ್ಮನ ಸುದ್ದಿ ಹೇಳ್ತಿದ್ದೆ. ಅದಕ್ಕೆ ಬರ್ತಿದ್ದೆ. ಬೇರೆ ಹೊತ್ತಲ್ಲಿ ನಿಂಗೆ ಪುರುಸೊತ್ತೆಲ್ಲಿರುತ್ತೆ?”

“ಸಕ್ಕರೆ ವಿಷಯ ಗೊತ್ತಿತ್ತಾ ನಿಂಗೆ?”

“ಮೂಟೆ ಮೇಲೆ ಮಲಗಿ ಬೆಳೆದಿದ್ದೀನಿ. ಕಲ್ಲುಸಕ್ಕರೆ ಯಾವುದು ಅಂತ ಗೊತ್ತಾಗಲ್ವಾ?”

ಅವಳು ಅಲ್ಲೇ ಅವನ ಪಕ್ಕದಲ್ಲಿ ಕೂತಳು. ಹುಟ್ಟಿದ ಮೇಲೆ ಯಾರ ಮುಂದೆಯೂ ಕೈ ಚಾಚದವಳು ಅವನ ಎರಡೂ ಕೈ ಹಿಡಿದುಕೊಂಡಳು. “ಬಿಟ್ಬಿಡೋ ಪುಟ್ಟ. ನಿಂಗೆ ದಮ್ಮಯ್ಯ ಅಂತೀನಿ.”

“ಬಿಡೋಕೆ ಆಗಲ್ಲ ಅಕ್ಕ. ಆಗೋ ಹಾಗಿದ್ರೆ ನೀನು ಕಂದು ಸಕ್ಕರೆ ಹಾಕಿದಾಗಲೇ ಬಿಟ್ಟಿರ್ತಿದ್ದೆ.” ಅಂಗಡಿಯಲ್ಲಿ ಸಾಮಾನು ಮುಗಿದಿದೆ ಅಂತ ಗಿರಾಕಿಗೆ ಹೇಳುವ ಹಾಗೆ ಹೇಳಿದ. ಅವನ ದನಿಯಲ್ಲಿ ಸುಳ್ಳಿರಲಿಲ್ಲ, ಅದೇ ಅವಳನ್ನು ಕೊಂದದ್ದು. ಹೂಂ ಅಂದಿದ್ದರೆ ಇನ್ನೊಂದಷ್ಟು ದಿನ ನಂಬಬಹುದಿತ್ತು.

ಆಮೇಲೆ ಏನು ಮಾಡಬಹುದೋ ಅದೆಲ್ಲ ಆಯಿತು. ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವನು ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಒರಸಿ ಒರಸಿ ಕೂಗಾಡಿದ. ಹೆಂಡತಿ ಒಂದು ಕಡೆ, ಅಕ್ಕ ಒಂದು ಕಡೆ ಹಿಡಿದುಕೊಂಡರು. ತಿಳಿಯಾದ ಮೇಲೆ ಮನೆಗೆ ಬಂದ. ಮುಖ ತೊಳೆದ ಹಾಗೆ ಹೊಸಬನಾಗಿ ಕಂಡ, ಅಂಗಡಿ ತೆರೆದ, ತಿರುಪು ಬಿಗಿದ. ಹೆಂಡತಿ ಕಿಟಕಿಗೆ ಹೊಸ ಪರದೆ ಹಾಕಿದಳು. ಒಂದು ದಿನ ಮತ್ತೆ ಸಂದಿಗೆ ಹೋದ. ಮತ್ತೆ ಆಸ್ಪತ್ರೆ, ಮತ್ತೆ ಮನೆ, ಮತ್ತೆ ಸಂದಿ. ಎರಡನೆಯ ಸಲ ಸೇರಿಸಿದಾಗ ಡಾಕ್ಟರಮ್ಮ ಅಕ್ಕನನ್ನು ಹೊರಗೆ ಕರೆದು, “ಲಿವರ್ ಬಹಳ ಕೆಟ್ಟಿದೆ. ಇನ್ನು ಕುಡಿದರೆ ಹೆಚ್ಚು ದಿನ ಇಲ್ಲ. ಇಲ್ಲೇ ಇರ್ಲಿ ಅಂತೀವಿ, ಅವರು ಇರೋಕೆ ಒಪ್ಪಲ್ಲ. ಕಟ್ಟಿಹಾಕೋಕೆ ನಮ್ಮಿಂದಾಗಲ್ಲಮ್ಮ” ಅಂದಳು. ಆ ಡಾಕ್ಟರಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಆಸೆಯಿತ್ತು. ಆದರೆ ಹೆಂಗಸು ಒಳ್ಳೆಯವಳು, ಸಿಟ್ಟಿಗೂ ಒಂದು ಜಾಗ ಸಿಗಲಿಲ್ಲ.

ಕೊನೆಗೊಂದು ದಿನ ಬಸ್ ಕಂಡಕ್ಟರೊಬ್ಬ ಓಡಿ ಬಂದು, ನಿಮ್ಮ ತಮ್ಮ ಚರಂಡಿಯ ಪಕ್ಕದಲ್ಲಿ ಬಿದ್ದಿದ್ದಾನೆ ಅಂದ. ಮಧ್ಯಾಹ್ನದ ಬಿಸಿಲಲ್ಲಿ ಬಿದ್ದವನು ಹಾಗೇ ಇದ್ದ. ಬಸ್ಸು ಹಿಡಿಯುವವರು ಚೀಲ ಎತ್ತಿಕೊಂಡು ಅವನನ್ನು ದಾಟಿ ಹೋಗುತ್ತಿದ್ದರು. ಅವರನ್ನು ಬೈದು ಏನು ಪ್ರಯೋಜನ, ಅವಳೂ ಎಷ್ಟೋ ಜನರನ್ನು ಹಾಗೆ ದಾಟಿ ಹೋದವಳೇ. ಕಂಡಕ್ಟರನ ಜೊತೆ ಸೇರಿ ಎತ್ತಿದಳು. ಚಿಕ್ಕಂದಿನಲ್ಲಿ ಮೂಟೆಯ ಮೇಲಿಂದ ಎತ್ತಿಕೊಳ್ಳುವಾಗ ಇದ್ದಷ್ಟೇ ಹಗುರವಾಗಿದ್ದಾನೆ ಅನ್ನಿಸಿ ಅಲ್ಲೇ ರಸ್ತೆಯಲ್ಲಿ ಜೋರಾಗಿ ಅತ್ತುಬಿಟ್ಟಳು.

ಮರುದಿನ ತಮ್ಮನ ಮನೆಗೆ ಹೋಗಿ ಅವನ ಹೆಂಡತಿಯ ಮುಂದೆ ಕೂತಳು. ನೇರವಾಗಿ ಹೇಳಿದಳು:

“ಅವನು ಕುಡಿಯೋದನ್ನ ನಿಲ್ಲಿಸೋಕೆ ನನ್ನಿಂದಾಗ್ಲಿಲ್ಲ ಕಣಮ್ಮ. ಅವನು ಹೋಗೋದು ಚರಂಡೀಲಿ ಆಗೋದು ಬೇಡ. ಇನ್ಮೇಲೆ ನನ್ನ ಅಂಗಡೀಲೇ ಕುಡೀಲಿ. ಎಷ್ಟು ಕೇಳ್ತಾನೋ ಅಷ್ಟು ಕೊಡ್ತೀನಿ. ಆಮೇಲೆ ಕೈ ಹಿಡ್ಕೊಂಡು ನಾನೇ ಕರ್ಕೊಂಡು ಬರ್ತೀನಿ.”

ತಮ್ಮನ ಹೆಂಡತಿ ಕೂಗಾಡುತ್ತಾಳೆ ಅಂದುಕೊಂಡಿದ್ದಳು. ಅವಳು ಕೂಗಾಡಲಿಲ್ಲ. ಮಡಚಿದ ಬಟ್ಟೆಗಳನ್ನೇ ಮತ್ತೆ ಬಿಡಿಸಿ ಮಡಚುತ್ತ, “ಬೆಳಕಿರೋವಾಗಲೇ ಕರ್ಕೊಂಡು ಬನ್ನಿ ಅತ್ತಿಗೆ. ಅಕ್ಕಪಕ್ಕದವರು ನೋಡಿದ್ರೆ ನೋಡ್ಲಿ, ಮೆಟ್ಟಿಲು ಕಾಣುತ್ತೆ” ಅಂದಳು.

ಸಂಜೆ ಅವನು ಬಂದು ತನ್ನ ಜಾಗದಲ್ಲಿ ಕೂತ. ಕುತ್ತಿಗೆ ಸಣಕಲಾಗಿತ್ತು, ಶರ್ಟಿನ ಕಾಲರು ಯಾರದೋ ಎರವಲು ತಂದ ಹಾಗೆ ಕಾಣುತ್ತಿತ್ತು. ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದ. ಅಕ್ಕ ಎದುರಿಗೆ ನಿಂತು, ಅವನ ಮುಖ ನೋಡದೆ ಹೇಳಿದಳು: “ಅಲ್ಲಿಗೆ ಹೋಗ್ಬೇಡ. ಎಷ್ಟು ಬೇಕೋ ಇಲ್ಲೇ ಕೇಳು.”

ಅವನು ತಲೆಯೆತ್ತಿ ನೋಡಿದ.

ಡಬ್ಬಗಳ ಮುಂದೆ ಅವಳು ನಿಂತೇ ಇದ್ದಳು. ಮೂಲೆಯ ಮೇಜಿನವನು, “ಏನಕ್ಕ, ಇವತ್ತು ಸಕ್ಕರೆಗೇ ಬರ ಬಂತಾ?” ಅಂದ. ಬೇರೆ ದಿನವಾಗಿದ್ದರೆ ಅವನ ವಿಗ್ಗಿನ ಮರ್ಯಾದೆ ಹೋಗುತ್ತಿತ್ತು. ಅವಳಿಗೆ ಅದು ಕೇಳಿಸಲೂ ಇಲ್ಲ. ಕಲ್ಲುಸಕ್ಕರೆಯ ಡಬ್ಬದ ಮುಚ್ಚಳದ ಮೇಲೆ ಕೈ ಹೋಯಿತು. ಇದನ್ನಿಟ್ಟರೆ ಒಂದು ಸಂಜೆ ಸಿಗುತ್ತದೆ, ಅದು ಮುಗಿದ ಮೇಲೆ ಅವನಿಗೆ ಸಂದಿ. ಕೈ ತೆಗೆದು ಬಿಳಿ ಚೌಕಗಳ ಡಬ್ಬ ತೆರೆದಳು. ಅದರಲ್ಲೂ ತಟ್ಟಿ ನೋಡಿ, ಟಪ್ ಅಂದದ್ದನ್ನು, ಒಳಗೆ ತೇವ ಇದ್ದದ್ದನ್ನು ಆರಿಸಿದಳು. ಅಷ್ಟು ವರ್ಷದಲ್ಲಿ ಬೇಗ ಕರಗಲಿ ಅಂತ ಹುಡುಕಿ ಅವನಿಗೆ ಸಕ್ಕರೆ ಇಟ್ಟದ್ದು ಅದೇ ಮೊದಲು.

ನಲ್ಲಿ ಬಿಟ್ಟಳು. ಮೊದಲ ಹನಿಗೇ ಚೌಕದ ಮೂಲೆ ಕುಸಿಯಿತು. ಅವಳು ಸ್ಟೂಲು ಎಳೆದುಕೊಳ್ಳಲು ಬಗ್ಗಿದಳು, ಎಳೆದುಕೊಂಡು ತಲೆಯೆತ್ತುವಷ್ಟರಲ್ಲಿ ಚಮಚದ ಮೇಲೆ ಏನೂ ಉಳಿದಿರಲಿಲ್ಲ. ಅವನು ಎರಡೂ ಕೈಯಲ್ಲಿ ಲೋಟ ಹಿಡಿದು ಒಂದೇ ಉಸಿರಿಗೆ ಕುಡಿದು ಕೆಳಗಿಟ್ಟ. ಖಾಲಿ ಚಮಚ ನೋಡಿದ. ಆಮೇಲೆ ಅವಳನ್ನು ನೋಡಿದ.

“ಅಕ್ಕ, ನೀನು ಇವತ್ತು ಕೂರಲೇ ಇಲ್ವಲ್ಲ” ಅಂದ.

“ಕೂರ್ತೀನಿ ತಾಳೋ” ಅಂದು ಅವಳು ಖಾಲಿ ಲೋಟ ಎತ್ತಿಕೊಂಡು, ಇನ್ನೊಂದು ತುಂಬಿಸಿ ತರಲು ಒಳಗೆ ಹೋದಳು.